ಮೆಣಸಿನ ಹೂ ಕಿತ್ತಾಕಿ ನಾನೇ

ಇವತ್ತು ಬೆಳಿಗ್ಗೆ ಕುಂಡದ ಮೆಣಸಿನ ಗಿಡದ ಎಲೆ ತಿರುವಿ ಹುಳ ಹುಡುಕುತ್ತಿದ್ದೆ. ಕೈಗಂಟಿದ ಆ ಹಸಿ ವಾಸನೆ ನನ್ನನ್ನು ಹಗರಿಬೊಮ್ಮನಹಳ್ಳಿಯ ನಮ್ಮ ಹಿತ್ತಲಿಗೆ ಒಯ್ದಿತು.

ಅಪ್ಪನ ತಂಗಿ ಹಾಲಮ್ಮತ್ತೆ ಗಂಡನ ಮನೆ ಬಿಟ್ಟು ಬಂದು ನಮ್ಮೊಂದಿಗೇ ಇದ್ದಳು. ಕೂತು ಉಣ್ಣುತ್ತಾಳೆ ಎನ್ನಿಸಿಕೊಳ್ಳಬಾರದೆಂದು ಹಿತ್ತಲಲ್ಲಿ ಹತ್ತು ಮೆಣಸಿನ ಸಸಿ ನೆಟ್ಟಿದ್ದಳು. ಎಲೆ ಮುದುಡಿದರೆ ಹುಳಿ ಮಜ್ಜಿಗೆ ಚಿಮುಕಿಸುವಳು, ಬುಡಕ್ಕೆ ಒಲೆಯ ಬೂದಿ ಹಾಕುವಳು.

ಗಿಡದ ತುಂಬ ಬಿಳಿ ಹೂ ಬಿಟ್ಟಾಗ ಗೊಂಬೆ ಮದುವೆಗೆಂದು ನಾನು ಅಷ್ಟನ್ನೂ ಕಿತ್ತೆ. ಹೂವೇ ಕಾಯಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ನನ್ನ ಲಂಗದ ತುಂಬ ಹೂ ಕಂಡು ಅತ್ತೆಯ ಮುಖ ಬಾಡಿತು. ಅಷ್ಟರಲ್ಲಿ ಅಜ್ಜಿ ಬಂದಳು. ಅತ್ತೆ ನನ್ನನ್ನು ಸೆರಗಿನ ಹಿಂದೆ ಸರಿಸಿಕೊಂಡಳು.

"ಬಿಸಿಲಿಗೆ ಹೂ ಎಲ್ಲಾ ಉದುರ್ಯಾವ ಬೇ."

"ನಿನ್ನ ಕೈಯಾಗ ಯಾವುದು ನೆಟ್ಟಗಾಗೈತಿ?" ಎಂದು ಅಜ್ಜಿ ಒಳಗೆ ಹೋದಳು.

ನನಗೆ ಅಳು ಬಂತು. ಅತ್ತೆ ನನ್ನ ಕಣ್ಣೊರೆಸಿದಳು. "ಅಳಬ್ಯಾಡಲೇ. ಬೇರು ಚಲೋ ಅದಾವ, ಮತ್ತ ಹೂ ಬಿಡ್ತಾವ."

ಅಂದಿನಿಂದ ನೀರು ಹಾಕುವುದು ನನ್ನ ಕೆಲಸವಾಯಿತು. ಗಿಡಗಳು ಮತ್ತೆ ಹೂ ಬಿಟ್ಟವು, ಕಾಯಿ ಹಿಡಿದವು. ಮೊದಲ ಕಾಯಿಗಳನ್ನು ಕುಟ್ಟಿದ ಖಾರವನ್ನು ಅಜ್ಜಿ ರೊಟ್ಟಿಗೆ ಹಚ್ಚಿಕೊಂಡು ಬಾಯಿ ಚಪ್ಪರಿಸುವಾಗ ನನಗೆ ತಡೆಯಲಾಗಲಿಲ್ಲ.

"ಅವತ್ತು ಹೂ ಕಿತ್ತಾಕಿ ನಾನೇ, ಅಜ್ಜಿ."

ಅಜ್ಜಿ ತುತ್ತನ್ನು ತಟ್ಟೆಗಿಟ್ಟು ಎದುರಿಗೆ ಉಣ್ಣಲು ಕೂತಿದ್ದ ಮಗಳು ಹಾಲಮ್ಮತ್ತೆಯನ್ನೇ ನೋಡಿದಳು. ಆಮೇಲೆ ಬಿಸಿ ರೊಟ್ಟಿಯೊಂದನ್ನು ತಾನೇ ಎತ್ತಿ ಅವಳ ತಟ್ಟೆಗೆ ಹಾಕಿ, "ಉಣ್ಣವ್ವ" ಎಂದಳು.

ಈಗಷ್ಟೇ ಅತ್ತೆಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಅಜ್ಜಿ ಬೈದದ್ದು ಆಕೆಗೆ ನೆನಪಿಲ್ಲವಂತೆ. ರೊಟ್ಟಿ ಹಾಕಿದ್ದು ಮಾತ್ರ ನೆನಪಿದೆಯಂತೆ.