ಆಕಾಶ ಕಾಣದ ರಿಂಗು

ಚನ್ನಪಟ್ಟಣದ ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದ ಮೇಷ್ಟ್ರಿಗೆ ನಿವೃತ್ತಿಯಾದ ಮೇಲೆ ಒಂದು ಹುಚ್ಚು ಹಿಡಿಯಿತು. ಕೆಲಸ ಮುಗಿಸಿದ ಉಪಗ್ರಹ, ರಾಕೆಟ್ಟುಗಳ ಚೂರುಗಳನ್ನು ಕೂಡಿಡುವ ಹುಚ್ಚು. ಯಾರು ಏನು ತಂದರೂ ನಂಬಿ ತೆಗೆದುಕೊಂಡು, ನಡುಮನೆಯ ಗಾಜಿನ ಬೀರುವಿನಲ್ಲಿ ಮರದ ಗೊಂಬೆಗಳ ಪಕ್ಕ ಜೋಡಿಸುತ್ತಿದ್ದರು.

ನಾನು ಆಗ ರಾಮನಗರದಿಂದ ದಿನಾ ಬಿಡದಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಬೈರಮಂಗಲ ರಸ್ತೆಯ ಹೊಲಗಳಲ್ಲಿ ಒಂದರ ಹಿಂದೊಂದು ಶೆಡ್ಡು ಏಳುತ್ತಿದ್ದ ಕಾಲ. ಅಂಥದೊಂದು ಶೆಡ್ಡಿನಲ್ಲಿ ಉಪಗ್ರಹಗಳಿಗೆ ಬೇಕಾದ ಸಣ್ಣಪುಟ್ಟ ಬಿಡಿಭಾಗ ತಯಾರಾಗುತ್ತಿದ್ದವು. ಅವನ್ನು ಅಳೆದು, ಸರಿಯಿಲ್ಲದ್ದನ್ನು ತೆಗೆದುಹಾಕುವುದು ನನ್ನ ಕೆಲಸ. ಎಲ್ಲವನ್ನೂ ಅನುಮಾನದಿಂದ ನೋಡುವುದು ಅಭ್ಯಾಸವಾಗಿಹೋಗಿತ್ತು.

ಒಂದು ಭಾನುವಾರ ಮೇಷ್ಟ್ರು ಫೋನ್ ಮಾಡಿದರು. "ಬಾಮ್ಮ, ಒಂದು ಸಾಮಾನು ಸಿಕ್ಕಿದೆ. ಮ್ಯಾಗ್ನೆಟ್ ತಗೊಂಡು ಬಾ."

ಮೊದಲು ತೋರಿಸಿದ್ದು ಚಿನ್ನದ ಬಣ್ಣದ ಹಾಳೆ. ಉಪಗ್ರಹದ ಹೊದಿಕೆಯಂತೆ. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಗಮ್ ಟೇಪಿನ ಗುರುತು. "ಸಾರ್, ಇದು ಮದುವೆ ಉಡುಗೊರೆ ಸುತ್ತೋ ಕಾಗದ" ಎಂದೆ. ಅವರ ಮುಖ ಸಣ್ಣದಾಯಿತು. ಆಮೇಲೆ ರೇಷ್ಮೆ ಬಟ್ಟೆಯ ಗಂಟು ಬಿಚ್ಚಿ, ಬಳೆಗಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ರಿಂಗನ್ನು ಮೇಜಿನ ಮೇಲಿಟ್ಟರು.

"ಇದು ಮಾತ್ರ ಅಸಲಿ. ಆಕಾಶಕ್ಕೆ ಹೋಗಿ ಸುಟ್ಟುಕೊಂಡು ವಾಪಸ್ ಬಂದಿರೋದು. ನಿಮ್ಮೂರಿನ ಗುಜರಿ ಸಾಹೇಬರ ಹತ್ತಿರ ತಗೊಂಡೆ."

ಗುಜರಿ ಸಾಹೇಬರೆಂದರೆ ನಮ್ಮ ಬೀದಿಯ ಚಾಚಾ. ಮೊದಲು ರೇಷ್ಮೆ ನೂಲು ತೆಗೆಯುತ್ತಿದ್ದವರು, ಕಾರ್ಖಾನೆಗಳು ಬಂದ ಮೇಲೆ ಗುಜರಿ ಅಂಗಡಿ ಇಟ್ಟಿದ್ದರು.

ಮ್ಯಾಗ್ನೆಟ್ ಅಂಟಲಿಲ್ಲ. ಉಕ್ಕಿಗಿಂತ ಹಗುರ, ಅಲ್ಯೂಮಿನಿಯಂಗಿಂತ ಭಾರ. ಟೈಟಾನಿಯಂ ಇರಬೇಕು. ಆದರೆ ಹೆಬ್ಬೆರಳಿನಿಂದ ಉಜ್ಜಿದಾಗ ಕಪ್ಪು ಬೆರಳಿಗೆ ಬಂತು. ಮೂಸಿದೆ. ಸೀಮೆಎಣ್ಣೆ ವಾಸನೆ.

"ಸಾರ್, ಇದಕ್ಕೆ ಯಾರೋ ಸ್ಟೌ ಮೇಲೆ ಮಸಿ ಹಿಡಿಸಿದ್ದಾರೆ."

ಮಸಿಯನ್ನು ಒರೆಸುತ್ತ ಹೋದಂತೆ ಕೆತ್ತಿದ ನಂಬರೊಂದು ಕಾಣಿಸಿತು. ಅದರಲ್ಲಿದ್ದ ಏಳಕ್ಕೆ ನಡುವೆ ಅಡ್ಡಗೆರೆ. ನಮ್ಮ ಶೆಡ್ಡಿನಲ್ಲಿ ಹಾಗೆ ಏಳು ಬರೆಯುತ್ತಿದ್ದವಳು ನಾನೊಬ್ಬಳೇ. ಬೋಲ್ಟು ಕೂರುವ ತೂತಿನ ಮರೆಯಲ್ಲಿ ಕೆಂಪು ಬಣ್ಣದ ಚೂರೂ ಉಳಿದಿತ್ತು. ತೂತು ಅಳತೆಗಿಂತ ಕೂದಲೆಳೆಯಷ್ಟು ದೊಡ್ಡದಾಗಿದೆಯೆಂದು ಆ ರಿಂಗನ್ನು ತಿರಸ್ಕರಿಸಿ, ಕೆಂಪು ಬಳಿದು, ನಂಬರ್ ಕೆತ್ತಿದವಳು ನಾನೇ. ಅಂಥದ್ದನ್ನು ತುಂಡು ಮಾಡಿಯೇ ಗುಜರಿಗೆ ಹಾಕಬೇಕೆಂಬುದು ನಿಯಮ.

ಮೇಷ್ಟ್ರಿಗೆ ನಿಜ ಹೇಳಿ, ರಿಂಗನ್ನು ಚೀಲಕ್ಕೆ ಹಾಕಿಕೊಂಡು ಸೀದಾ ಚಾಚಾನ ಅಂಗಡಿಗೆ ಹೋದೆ. ಮಸಿ ಹಿಡಿಸಿದವರು ಅವರೇ ಎಂದು ದಾರಿಯುದ್ದಕ್ಕೂ ತೀರ್ಮಾನಿಸಿಬಿಟ್ಟಿದ್ದೆ.

"ಇದು ಎಲ್ಲಿಂದ ಬಂತು ಚಾಚಾ?" ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಅವರು ನನ್ನನ್ನೇ ದಿಟ್ಟಿಸಿದರು. "ನೀನ್ ಕೇಳ್ತಿದ್ದೀಯಾ? ಬೈಕ್‌ನಾಗೆ ಒಬ್ಬ ತಂದ್ಕೊಟ್ಟ. ನಿಮ್ ಫ್ಯಾಕ್ಟ್ರಿ ಶರ್ಟೇ ಹಾಕ್ಕಂಡಿದ್ದ. ತಂದಾಗ್ಲೇ ಕರ್ರಗಿತ್ತು, ಆಕಾಶದಿಂದ ಬಂದಿರೋದು ಅಂದ. ನೀನೇ ಕಳ್ಸಿದೀಯ ಅಂದ್ಕಂಡಿದ್ದೆ ಕಣಮ್ಮಾ. ಮೊಕ ನೋಡಿ ಕೇಳಕ್ಕೆ ನಾಚ್ಕೆ ಆಗಿ ಸುಮ್ಕಿದ್ದೆ."

ಇಷ್ಟು ದಿನ ಬೀದಿಯಲ್ಲಿ ಎದುರಾದಾಗಲೆಲ್ಲ ಅವರು ನನ್ನನ್ನು ಕಳ್ಳಿಯೆಂದೇ ತಿಳಿದಿದ್ದರು!

ಸೋಮವಾರ ರಿಂಗನ್ನು ಮಾಲೀಕರ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಅವರು ನಂಬರ್ ನೋಡಿದರು. "ನಿಮ್ಮ ಬರಹವೇ ಅಲ್ವಾ?" ಎಂದಷ್ಟೇ ಕೇಳಿದರು. ಅವತ್ತಿನಿಂದ ಗೇಟಿನಲ್ಲಿ ನನ್ನ ಚೀಲ ತೆಗೆಸಿ ನೋಡತೊಡಗಿದರು, ಊಟದ ಡಬ್ಬಿಯ ಮುಚ್ಚಳವನ್ನೂ ಬಿಡದೆ. ಜೊತೆಯವರು ನನ್ನ ಪಕ್ಕ ಕೂತು ಉಣ್ಣುವುದನ್ನು ಬಿಟ್ಟರು. ನಾನೂ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದೆ: ಇವನೇ ಇರಬಹುದೇ, ಅವನೇ?

ವಾರ ಕಳೆದ ಮೇಲೆ ಈ ವಿಷಯ ಚಾಚಾನ ಕಿವಿಗೆ ಬಿತ್ತು. ಮಾರನೆಯ ದಿನ ಪಾಳಿ ಬಿಡುವ ಹೊತ್ತಿಗೆ ಅವರು ನಮ್ಮ ಗೇಟಿನೆದುರಿನ ಟೀ ಅಂಗಡಿಯಲ್ಲಿ ಕೂತಿದ್ದರು. ಕದ್ದ ಮಾಲು ಕೊಂಡವರೆಂದು ಅವರ ಮೇಲೂ ದೂರು ಆಗಬಹುದಿತ್ತು. ಆದರೂ ಎದ್ದು ಬಂದು, ಕಾವಲುಗಾರನ ಪಕ್ಕ ನಿಂತಿದ್ದ ಮಾಲೀಕರ ಎದುರಿಗೇ, ಪಾಳಿ ಮುಗಿಸಿ ಹೊರಬರುತ್ತಿದ್ದ ಒಬ್ಬನತ್ತ ಕೈ ತೋರಿಸಿದರು. "ಇವ್ನೇ ಸಾಮಿ. ಆ ಹುಡ್ಗಿ ಚೀಲ ಯಾಕ್ ಉಡುಕ್ತೀರಾ?"

ಅವನು ನಮ್ಮ ಸೂಪರ್‌ವೈಸರ್. ತಿರಸ್ಕರಿಸಿದ ಮಾಲನ್ನು ತುಂಡು ಮಾಡಿಸುವ ಜವಾಬ್ದಾರಿ ಅವನದೇ ಆಗಿತ್ತು. ಮೊದಲು ಜಗಳ ತೆಗೆದ, ಆಮೇಲೆ ತಲೆ ತಗ್ಗಿಸಿದ. ಮರುದಿನದಿಂದ ಬರಲಿಲ್ಲ. ರಿಂಗನ್ನು ನನ್ನ ಕಣ್ಣೆದುರಿಗೇ ಕತ್ತರಿಸಿದರು. ಬೆಳ್ಳಗಿನ ಕಿಡಿ ಹಾರಿತು, ಟೈಟಾನಿಯಂನದೇ ಕಿಡಿ.

ಚಾಚಾನ ಬಳಿ ತಪ್ಪಾಯಿತೆಂದೆ. "ನಾನೂ ಅಂಗೇ ಅಂದ್ಕಂಡಿದ್ನಲ್ಲಮ್ಮ, ಬುಡು" ಎಂದರು. ಮಾಲೀಕರು ಚೀಲ ನೋಡುವುದನ್ನು ನಿಲ್ಲಿಸಿದರು, ಆದರೆ ತಪ್ಪಾಯಿತೆನ್ನಲಿಲ್ಲ. ಗೇಟು ದಾಟುವಾಗ ಚೀಲವನ್ನು ನಾನೇ ತೆರೆದು ಹಿಡಿಯುವ ಅಭ್ಯಾಸ ಮಾತ್ರ ನನಗೆ ಹೋಗಲಿಲ್ಲ. ಮುಂದಿನ ವರ್ಷ ಆ ಕೆಲಸ ಬಿಟ್ಟೆ.

ಮೇಷ್ಟ್ರು ಬೀರು ಖಾಲಿ ಮಾಡಲು ಕರೆದರು. ಒಂದೊಂದನ್ನೇ ನೋಡಿದೆವು. ಒಂದು ಸ್ಕೂಟರಿನ ಭಾಗ, ಇನ್ನೊಂದು ಪಂಪ್‌ಸೆಟ್ಟಿನದು. ಕೊನೆಗೆ ಕಿರುಬೆರಳಿನಷ್ಟಿದ್ದ ಒಂದು ಬೋಲ್ಟಿನಲ್ಲಿ ಮಾತ್ರ ಎಷ್ಟು ಹುಡುಕಿದರೂ ನನಗೆ ತಪ್ಪು ಸಿಗಲಿಲ್ಲ.

"ಮೇಲೆ ಹೋಗಿತ್ತು ಅಂತೀಯಾ?"

"ಗೊತ್ತಾಗ್ತಿಲ್ಲ ಸಾರ್."

ಅವರು ಒಂದು ಚೀಟಿಯಲ್ಲಿ 'ಗೊತ್ತಿಲ್ಲ' ಎಂದು ಬರೆದು, ಬೋಲ್ಟಿನ ಕೆಳಗಿಟ್ಟು ಬೀರು ಮುಚ್ಚಿದರು.