ಐರ್ಲೆಂಡಿನ ಬಡವನಿಗಾಗಿ ಅತ್ತವರು

ಪ್ರೊಫೆಸರ್ ರವಿಚಂದ್ರ ಅವರು ಅಳುವುದನ್ನು ನೀವು ನೋಡಬೇಕು. ಐರ್ಲೆಂಡಿನ ಒಬ್ಬ ನಾಟಕಕಾರನ ಮಾತೆತ್ತಿದರೆ ಸಾಕು, ಕರ್ಚೀಫು ಹೊರಗೆ ಬರುತ್ತದೆ. ಆತ ಕೂಲಿ ಮಾಡಿ ಬದುಕಿದವನಂತೆ. ಅವನ ನಾಟಕಗಳನ್ನು ದೊಡ್ಡಮನುಷ್ಯರು ಓದದೆಯೇ ವಾಪಸು ಕಳಿಸಿದರಂತೆ. ಇಪ್ಪತ್ತು ವರ್ಷದಿಂದ ಇದೇ ಭಾಷಣ, ಅದೇ ಜಾಗದಲ್ಲಿ ಗದ್ಗದ. ಸಿದ್ಧಾರ್ಥನಗರದಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ನಾನು, ಹೇಮಶ್ರೀ, ಆ ಭಾಷಣವನ್ನು ನಾಲ್ಕು ಸಲ ಟೈಪ್ ಮಾಡಿದ್ದೇನೆ. ನನಗಂತೂ ಒಂದು ಸಲವೂ ಅಳು ಬರಲಿಲ್ಲ.

ನಾನು ಹೇಳಹೊರಟಿರುವುದು ಅವರ ಕತೆಯಲ್ಲ ಬಿಡಿ, ಕೆಸರೆಯ ಮಹದೇವಯ್ಯನವರದು. ಅರವತ್ತೊಂದು ವರ್ಷ. ಬೋಗಾದಿ ಕಡೆ ಏಳುತ್ತಿರುವ ಹೊಸ ಮನೆಗಳಿಗೆ ಬಣ್ಣ ಹೊಡೆಯುವುದು ಕಸುಬು. ಸಂಜೆ ಸ್ನಾನ ಮಾಡಿ, ಮೊಣಕೈ ಮೇಲೆ ಇನ್ನೂ ಪ್ರೈಮರ್ ಉಳಿದಿರುವಂತೆಯೇ ನಾಟಕದ ತಾಲೀಮಿಗೆ ಹಾಜರ್. ಮೂವತ್ತು ವರ್ಷದಿಂದ ಹವ್ಯಾಸಿ ತಂಡದಲ್ಲಿ ಅವರಿಗೆ ಸಿಕ್ಕಿದ್ದು ಕಾವಲುಗಾರ, ಪೋಸ್ಟ್‌ಮ್ಯಾನ್, ಒಮ್ಮೆ ಹೆಣ. ರವಿಚಂದ್ರರು ಐರ್ಲೆಂಡಿನವನ ನಾಟಕವನ್ನು ಕನ್ನಡಕ್ಕೆ ತಂದಾಗ ಮೊದಲ ಬಾರಿಗೆ ದೊಡ್ಡ ಪಾರ್ಟು ಬಂತು: ಕುಡುಕ ಅಪ್ಪ.

ಕನ್ನಡಕ್ಕೆ ತಂದಾಗ ಅಂದೆನಲ್ಲ, ಅದೂ ಸುಳ್ಳೇ. ಆ ಅನುವಾದದಲ್ಲಿ ಕುಡುಕ ತನ್ನ ಹೆಂಡತಿಗೆ "ಪ್ರಿಯೆ, ನಿನ್ನ ಮೌನವು ನನ್ನನ್ನು ಇರಿಯುತ್ತಿದೆ" ಅನ್ನುತ್ತಿದ್ದ. ಕರ್ಮ! ಮಹದೇವಯ್ಯ ಹಾಳೆ ಮಡಚಿಟ್ಟರು. "ಸಾ, ಕುಡ್ದೋನು ಇಂಗೆ ಮಾತಾಡಾಕಿಲ್ಲ. ನೀವು ಕತೆ ಹೇಳ್ಬುಡಿ, ಮಾತು ನಾನಾಡ್ತೀನಿ."

ಅಲ್ಲಿಂದ ಕೆಲಸ ನಡೆದದ್ದೇ ಹಾಗೆ. ರವಿಚಂದ್ರ ಸಾಹೇಬರು ಇಂಗ್ಲಿಷ್ ಓದಿ ದೃಶ್ಯದ ಕತೆ ಹೇಳುವುದು, ಮಹದೇವಯ್ಯ ಎಲ್ಲರ ಮಾತನ್ನೂ ಆಡಿ ತೋರಿಸುವುದು, ಸಾಹೇಬರು ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನನಗೆ ಕಳಿಸುವುದು, ನಾನು ಕೇಳಿಸಿಕೊಂಡು ಟೈಪ್ ಮಾಡುವುದು. ಮೂರು ತಿಂಗಳಲ್ಲಿ ನಾಟಕ ಸಿದ್ಧವಾಯಿತು. ಆಡಿದ ದಿನ ಜನ ಬಿದ್ದುಬಿದ್ದು ನಕ್ಕರು, ಕೊನೆಗೆ ಅತ್ತರು.

ಮರುವರ್ಷ ಅದು ಪುಸ್ತಕವಾಗುತ್ತದೆಂದು ಗೊತ್ತಾದಾಗ ಮಹದೇವಯ್ಯ ಅಂಗಡಿಗೆ ಬಂದರು. "ನನ್ನೆಸ್ರು ಬತ್ತದೇನವ್ವ? ಇಷ್ಟು ವರ್ಸ ಬರೀ ಕರಪತ್ರದಲ್ಲಿ ಬಂದದೆ. ಪುಸ್ತ್ಕ ಅಂದ್ರೆ ಮೊಮ್ಮಕ್ಕಳ ಗಂಟ ಇರ್ತದೆ." ಅವರಿಗೆ ಬೇಕಾಗಿದ್ದುದು ಅಷ್ಟೇ. ಸಾಹೇಬರನ್ನು ಕೇಳಿದೆ. "ಕಲಾವಿದರಿಗೆಲ್ಲ ಒಟ್ಟಾಗಿ ಕೃತಜ್ಞತೆ ಹೇಳಿದ್ದೇನಲ್ಲಮ್ಮ" ಅಂದರು. ಮೊದಲ ಪುಟದಲ್ಲಿ 'ರೂಪಾಂತರ: ಡಾ. ರವಿಚಂದ್ರ' ಎಂದು ಹಾಕಿ ಕರಡು ಕಳಿಸಿದೆ. ಪುಣ್ಯಾತ್ಮರು ಆ ಪುಟ, ಬೆನ್ನುಡಿ ಎರಡನ್ನೇ ನೋಡಿ ಒಪ್ಪಿಗೆ ಕೊಟ್ಟರು.

ಬಿಡುಗಡೆಯ ದಿನ ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಐರ್ಲೆಂಡಿನ ಕೂಲಿಯವನಿಗಾಗಿ ಸಾಹೇಬರ ಅಳುವೂ ಆಯಿತು. ಆಮೇಲೆ ವಿಮರ್ಶಕ ಅಮರೇಶ್ ಮೈಕ್ ಹಿಡಿದರು. "ಹೆಂಡತಿಯ ಶವದ ಮುಂದೆ ಕೂತ ಅಪ್ಪ ಕೇಳುತ್ತಾನೆ: 'ಟೀ ಬಂತೇನ್ರೋ? ಆರೋಯ್ತದೆ.' ಇಡೀ ಐರ್ಲೆಂಡಿನ ನೋವು ಈ ಒಂದು ಮಾತಿನಲ್ಲಿದೆ!" ಜೋರು ಚಪ್ಪಾಳೆ.

ಹಿಂದಿನ ಸಾಲಿನಿಂದ ಮಹದೇವಯ್ಯ ಎದ್ದರು. "ಸಾ, ಅದು ನಾಟ್ಕದ ಮಾತಲ್ಲ. ತಾಲೀಮಲ್ಲಿ ನಾನು ಟೀ ಕೇಳಿದ್ದು."

ನಿಜವೇ. ರೆಕಾರ್ಡಿಂಗಿನಲ್ಲಿ ಆ ದನಿಯಲ್ಲಿ ಬಂದದ್ದೆಲ್ಲ ನಾಟಕವೆಂದುಕೊಂಡು ನಾನು ಟೈಪ್ ಮಾಡಿಬಿಟ್ಟಿದ್ದೆ. ಸಭೆ ಗೊಳ್ಳೆಂದಿತು. ಮಹದೇವಯ್ಯ ನಗಲಿಲ್ಲ. "ಅದು ನಂದು ಅಂದ್ರೆ ಮಿಕ್ಕಿದ್ದೂ ನಂದೇ ಅಲ್ವಾ ಸಾ? ಹೇಮಶ್ರೀ, ಟೈಪ್ ಮಾಡ್ದೋಳು ನೀನೇ. ಹೇಳವ್ವ."

ಎಲ್ಲರೂ ನನ್ನತ್ತ ತಿರುಗಿದರು, ಸಾಹೇಬರೂ. ಅವರ ಇನ್ನೂ ಮೂರು ಪುಸ್ತಕಗಳ ಕೆಲಸ ನನ್ನ ಅಂಗಡಿಯಲ್ಲಿತ್ತು. ನಾನು ಚಪ್ಪಲಿ ನೋಡಿಕೊಂಡು ಕೂತೆ. ಥೂ, ನನ್ನ ಬಾಯಿಗಿಷ್ಟು! ಪ್ರೊಫೆಸರರನ್ನು ಇಷ್ಟುದ್ದಕ್ಕೆ ಆಡಿಕೊಳ್ಳುವ ನಾನು ಅವತ್ತು ಮಾಡಿದ್ದು ಇದು. "ನಮ್ಮ ಮಹದೇವಯ್ಯನವರ ಹಾಸ್ಯಪ್ರಜ್ಞೆ ನೋಡಿ" ಎಂದು ಸಾಹೇಬರು ನಗಾಡಿ, ಅವರಿಗೂ ಒಂದು ಶಾಲು ಹೊದಿಸಿದರು.

ಮರುದಿನ ಬೆಳಿಗ್ಗೆ ಮಹದೇವಯ್ಯ ಪುಸ್ತಕ ಹಿಡಿದು ಅಂಗಡಿಗೆ ಬಂದರು. ಬೈಸಿಕೊಳ್ಳಲು ತಯಾರಾಗಿದ್ದೆ. ಅವರು ಬೈಯಲಿಲ್ಲ. ಮೊದಲ ಪುಟ ತೆಗೆದು ತೋರಿಸಿ, "ಇದೇ ಥರ ಒಂದಾಳೆ ಪ್ರಿಂಟ್ ಕೊಡವ್ವ, ನನ್ನೆಸ್ರು ಹಾಕಿ. ನಮ್ಮನೆ ಪುಸ್ತ್ಕಕ್ಕೆ ಅಂಟಿಸ್ಕತೀನಿ" ಅಂದರು.

ನಾನು ಸಿಟ್ಟಿನಲ್ಲಿ ರವಿಚಂದ್ರರ ಹೆಸರು ಅಳಿಸಿ ಇವರದನ್ನು ಹೊಡೆದೆ. ಮಹದೇವಯ್ಯ ಸ್ಕ್ರೀನ್ ನೋಡಿ ತಡೆದರು.

"ಸಾಯೇಬ್ರ ಎಸ್ರು ತೆಗೀಬ್ಯಾಡ. ಇಂಗ್ಲಿಷ್ ಓದಿ ಕತೆ ಹೇಳ್ದೋರು ಅವ್ರಲ್ವಾ? ಅನ್ಯಾಯ ಆಯ್ತದೆ."

ಎರಡು ಹೆಸರನ್ನೂ ಒಂದರ ಕೆಳಗೊಂದು ಹಾಕಿ ಪ್ರಿಂಟ್ ಕೊಟ್ಟೆ. ಎರಡೇ ನಿಮಿಷ ಹಿಡಿಯಿತು.