ರಸ್ತೆಯ ಕಡೆ ತಿರುಗಿದ ಚಪ್ಪಲಿಗಳು

ಮಕ್ಕಳೇ, ಯಲಹಂಕದಲ್ಲಿ ಜಪಾನಿನವರೂ ನಮ್ಮವರೂ ಸೇರಿ ನಡೆಸುವ ಸ್ನೇಹ ಸಂಘಕ್ಕೆ ಬಂದಿದ್ದೇನೆ. ಕಾಫಿಗೆ ಬಿಟ್ಟಿದ್ದಾರೆ, ಮರೆಯುವ ಮೊದಲು ಬರೆಯುತ್ತಿದ್ದೇನೆ.

ರಾಗಿ ಬೀಸುವ ಪದ ಹಾಡಿಸಲು ನೆರೆಮನೆಯ ನಾಗರತ್ನಮ್ಮ ನನ್ನನ್ನು ಕರೆತಂದರು. ನಿಮ್ಮ ತಾತ ಹೋದ ಮೇಲೆ ನಾನು ಯಾರ ಮುಂದೆಯೂ ಹಾಡಿರಲಿಲ್ಲ. ಕುರ್ಚಿಗಳು ತುಂಬುವುದನ್ನು ಕಂಡು ಹಾಡುವ ಧೈರ್ಯ ಸಾಲಲಿಲ್ಲ. ಹೇಳದೆ ಬಸ್ಸು ಹತ್ತಿಬಿಡೋಣವೆಂದು ಮೆಲ್ಲಗೆ ಹೊರಗೆ ಬಂದೆ.

ಮೆಟ್ಟಿಲ ಬಳಿ ಜಪಾನಿನ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತು, ಎಲ್ಲರ ಚಪ್ಪಲಿಗಳನ್ನೂ ರಸ್ತೆಯ ಕಡೆ ತಿರುಗಿಸಿ ಸಾಲಾಗಿ ಇಡುತ್ತಿದ್ದರು. ಪಿನ್ನು ಚುಚ್ಚಿದ ನನ್ನ ಚಪ್ಪಲಿ ಅವರ ಕೈಯಲ್ಲಿತ್ತು. ಬೇರೆಯವರ ಚಪ್ಪಲಿಯನ್ನು ನಮ್ಮಲ್ಲಿ ಯಾರು ಕೈಯಿಂದ ಮುಟ್ಟುತ್ತಾರೆ?

"ಅಯ್ಯೋ, ಬಿಡೀಮ್ಮ!" ಎಂದೆ.

ನನ್ನನ್ನು ಹುಡುಕಿಕೊಂಡು ಬಂದ ನಾಗರತ್ನಮ್ಮ ನಕ್ಕರು. "ಅವ್ರಲ್ಲಿ ಹಂಗೇ ಕಣ್ರೀ. ಬಂದೋರು ಹೋಗೋವಾಗ ಸಲೀಸಾಗಿ ಮೆಟ್ಕೊಂಡು ಹೋಗ್ಲಿ ಅಂತ. ಅದ್ಸರಿ, ನೀವೇನು ಈಗ್ಲೇ ಹೊರಟ್ರಾ?"

"ಇಲ್ಲ ಕಣ್ರೀ, ಚಪ್ಪಲಿ ಇದ್ಯಾ ಅಂತ ನೋಡೋಕ್ ಬಂದೆ."

ಆ ಜಪಾನಿನ ಹೆಂಗಸು ನನ್ನ ಜೋಡನ್ನು ನನ್ನ ಪಾದದ ಮುಂದೆಯೇ ಇಟ್ಟು ತಲೆಬಾಗಿದರು. ಕಾಲು ತೂರಿಸಿದರೆ ಸಾಕು, ಹೊರಡಬಹುದಿತ್ತು. ನಾನು ಬಗ್ಗಿ ಅದನ್ನು ಎತ್ತಿ ಅವರ ಸಾಲಿನಲ್ಲೇ ಇಟ್ಟು ಒಳಗೆ ಹೋದೆ.

ಪದದ ಮೊದಲ ಸಾಲಿನಲ್ಲಿ ದನಿ ನಡುಗಿತು. ಎರಡನೆಯದಕ್ಕೆ ಆ ಚಪ್ಪಲಿ ಜೋಡಿಸಿದಾಕೆ ಮುಂದಿನ ಕುರ್ಚಿಯಲ್ಲಿ ಕೂತು, ರಾಗಿಕಲ್ಲು ಬೀಸುವಂತೆ ಕೈ ತಿರುಗಿಸತೊಡಗಿದರು.